ಸ್ಪಷ್ಟನೆ: ಹಾರಂಗಿಯ ನೀರಿನ ಮಟ್ಟಕ್ಕೂ ಮೀನಿಗೂ ತಳುಕು ಹಾಕಬೇಡಿ

‘ಮೀನು ಹಿಡಿಯುವವರ ಅನುಕೂಲಕ್ಕಾಗಿ ಮಳೆಗಾಲದಲ್ಲೂ ಹಾರಂಗಿ ಜಲಾಶಯವನ್ನು ತುಂಬಿಸುತ್ತಿಲ್ಲ; ಬಿತ್ತಿದ ಮೀನುಮರಿಗಳೆಲ್ಲ ಹೊಳೆಗೆ ಕೊಚ್ಚಿಹೋಗುತ್ತಿವೆ’ ಎಂಬ ಸಂದೇಶ ಕೊಡಗಿನ ಕುಶಾಲನಗರ, ಸೋಮವಾರಪೇಟೆ ಭಾಗದ ವಾಟ್ಸ್‌ಆಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಮೊದಲ ಮಾತು ಸುಳ್ಳು. ಎರಡನೆಯದರಲ್ಲಿ ಸ್ವಲ್ಪ ಸತ್ಯವಿದೆ.

ಜಲಾಶಯದ ಗರಿಷ್ಠ ಮಟ್ಟ 2,859 ಅಡಿ. ಗೇಟುಗಳ ನಿರ್ವಹಣೆ ಕಾವೇರಿ ನೀರಾವರಿ ನಿಗಮದ್ದು, ಮೀನುಗಾರಿಕೆ ಇಲಾಖೆಯದಲ್ಲ. ಮೇಲ್ಭಾಗದ ಮಾದಾಪುರ, ಹಟ್ಟಿಹೊಳೆ ಕಡೆಯಿಂದ ನೀರು ಒಮ್ಮೆಲೇ ನುಗ್ಗಿದಾಗ ಅದನ್ನು ಹಿಡಿದಿಡಲು ಜಾಗ ಬೇಕು; ಪೂರ್ತಿ ತುಂಬಿಸದೆ ಇಡುವುದು ಅದಕ್ಕೇ. 2018ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಕಂಡವರು ಈ ಎಚ್ಚರಿಕೆಯನ್ನು ಪಿತೂರಿ ಎನ್ನಲಾರರು.

ಇನ್ನು ಮೀನಿನ ವಿಷಯ. ಗೇಟು ತೆರೆದಾಗ ಕೆಲವು ಮೀನುಗಳು ನೀರಿನೊಂದಿಗೆ ಹೊರಹೋಗುವುದು ನಿಜ. ಆದರೆ ಪ್ರತಿವರ್ಷ ಮರಿ ಬಿತ್ತುವುದಕ್ಕೆ ಅದೊಂದೇ ಕಾರಣವಲ್ಲ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಅವುಗಳಿಗೆ ಹರಿಯುವ ಹೊಸನೀರು ಬೇಕು. ಆದ್ದರಿಂದ ಕೊಳಗಳಲ್ಲಿ ಬೆಳೆಸಿದ ಮರಿಗಳನ್ನು ತಂದು ಬಿಡಬೇಕಾಗುತ್ತದೆ. ಅವು ಬೆರಳುದ್ದವಾದರೂ, ಅಂದರೆ 80ರಿಂದ 100 ಮಿಲಿಮೀಟರ್ ಆದರೂ ಇರಬೇಕು. ತೀರ ಎಳೆಯ ಮರಿಗಳನ್ನು ಬಿಟ್ಟರೆ ಕೊರವ ಮೀನಿನಂಥ ಬೇಟೆಗಾರ ಮೀನುಗಳ ಹೊಟ್ಟೆ ಸೇರುವುದೇ ಹೆಚ್ಚು. ಮರಿಗಳ ಗಾತ್ರವನ್ನು ಕೇಳುವ ಹಕ್ಕು ನಮಗೆಲ್ಲರಿಗೂ ಇದೆ, ಕೇಳಲೇಬೇಕು.

ನಿಜವಾದ ಆತಂಕ ಬೇರೆಯೇ ಇದೆ. ದಡದ ಆಳವಿಲ್ಲದ ನೀರಿನಲ್ಲಿ ಮೊಟ್ಟೆಯಿಡುವ ಸ್ಥಳೀಯ ಮೀನುಗಳಿಗೆ ಮಟ್ಟ ಕೆಲವೇ ದಿನಗಳಲ್ಲಿ ಇಳಿದರೆ ದೊಡ್ಡ ಪೆಟ್ಟು. ಮೊಟ್ಟೆಗಳು ಕೆಸರಿನ ಮೇಲೆ ಒಣಗಿಹೋಗುತ್ತವೆ. ಈ ಬಗ್ಗೆ ಯಾವ ಸಂದೇಶವೂ ಹರಿದಾಡುತ್ತಿಲ್ಲ.