ಹಸಿರು ಕಂಡ ಮಾತ್ರಕ್ಕೆ ಕಾಡಲ್ಲ

ಶರಾವತಿ ಕೊಳ್ಳದಲ್ಲಿ ಹಸಿರು ಹೊದಿಕೆ ಹೆಚ್ಚಿರುವುದರಿಂದ ನೀರಿನ ಚಿಂತೆ ಬೇಡ ಎಂದು ಕೊಳ್ಳದ ಕುರಿತ ಲೇಖನ ಸರಣಿಯ ಒಂದು ಕಂತಿನಲ್ಲಿ ಲೇಖಕರು ಬರೆದಿದ್ದಾರೆ. ಒಪ್ಪಲಾರೆ. ಯಾವ ಹಸಿರು ಎಂದು ಮೊದಲು ಕೇಳಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪಶ್ಚಿಮ ಘಟ್ಟದ ಹಳ್ಳಗಳನ್ನು ವರ್ಷಗಟ್ಟಲೆ ಅಳೆದು ಕಂಡುಕೊಂಡಿದ್ದು ಬೇರೆಯೇ. ಜಲಾನಯನದ ಶೇ 60ಕ್ಕಿಂತ ಹೆಚ್ಚು ಭಾಗದಲ್ಲಿ ಸ್ಥಳೀಯ ಜಾತಿಯ ಮರಗಳಿದ್ದರೆ ಹಳ್ಳ ವರ್ಷವಿಡೀ ಹರಿಯುತ್ತದೆ. ಅಕೇಶಿಯಾದಂತಹ ಏಕಜಾತಿ ನೆಡುತೋಪು ತುಂಬಿದ ಕಡೆ ಮಳೆಗಾಲ ಮುಗಿದ ಮೇಲೆ ಬತ್ತುತ್ತದೆ.

ಹಳೆಯ ಕಾಡಿನ ದರಕು (ಉದುರಿದ ಒಣ ಎಲೆ), ಬೇರು, ಹುಳುಹುಪ್ಪಟೆಗಳು ಸೇರಿ ಮಣ್ಣನ್ನು ಸಡಿಲವಾಗಿ ಇಡುತ್ತವೆ. ಮಳೆನೀರು ಅದರ ಮೂಲಕ ರಂಧ್ರಗಳಿರುವ ಜಂಬಿಟ್ಟಿಗೆ ಕಲ್ಲಿನ ಪದರಕ್ಕೆ ಇಳಿದು, ಕೆಳಗಿನ ಗಟ್ಟಿ ಬಂಡೆಯ ಮೇಲೆ ನಿಧಾನವಾಗಿ ಜಾರಿ, ಬೇಸಿಗೆಯಲ್ಲಿ ಒರತೆಯಾಗಿ ಹೊರಬರುತ್ತದೆ. ಮಣ್ಣು ಬಿಗಿದುಕೊಂಡರೆ ಅದೇ ನೀರು ಒಂದೇ ದಿನದಲ್ಲಿ ಕೆಂಪಾಗಿ ಹರಿದು ಹೋಗುತ್ತದೆ. ನಮ್ಮ ತೋಟದ ಮೇಲಿನ ಹಳ್ಳದಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ.

ಮೀನುಗಳ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲದಿರುವುದು ನೋವಿನ ಸಂಗತಿ. ಇದೇ ಕೊಳ್ಳದಿಂದ 2006ರಲ್ಲಿ ಎರಡು ಹೊಸ ಪ್ರಭೇದಗಳನ್ನು ವಿಜ್ಞಾನಿಗಳು ವಿವರಿಸಿದರು: ಸ್ಕಿಸ್ಟುರಾ ನಾಗೋಡಿಯೆನ್ಸಿಸ್ ಮತ್ತು ಸ್ಕಿಸ್ಟುರಾ ಶರಾವತಿಯೆನ್ಸಿಸ್. ಬೆರಳಿನಷ್ಟೂ ಉದ್ದವಿಲ್ಲದ ಇಂತಹ ತಳಮೀನುಗಳಿಗೆ ಹರಿಯುವ ತಿಳಿನೀರು, ಕಲ್ಲುಗಳ ಸಂದು ಬೇಕು. ಹೂಳು ಆ ಸಂದುಗಳನ್ನು ಮುಚ್ಚಿದರೆ ಅವಕ್ಕೆ ಅಡಗಲೂ ಮೇಯಲೂ ಜಾಗವಿಲ್ಲ. ಉಪಗ್ರಹದ ಚಿತ್ರದಲ್ಲಿ ಕಾಣುವ ಹಸಿರು ಬಣ್ಣ ಇದನ್ನೆಲ್ಲ ಹೇಳುವುದಿಲ್ಲ. ಮುಂದಿನ ಕಂತು ಬರೆಯುವ ಮೊದಲು ಲೇಖಕರು ಏಪ್ರಿಲ್‌ನಲ್ಲೊಮ್ಮೆ ಹಳ್ಳಕ್ಕೆ ಇಳಿದು ನೋಡಲಿ ಎಂದು ಕೇಳಿಕೊಳ್ಳುತ್ತೇನೆ.