ಅಲಗಿನ ನಂಬರ್ ಸಮುರಾಯ್ ಗುರುತಲ್ಲ

ಎರಡನೇ ಮಹಾಯುದ್ಧದ ಜಪಾನಿ ಕತ್ತಿಯ ಫೋಟೋ ಜೊತೆ ಒಂದು ಮೆಸೇಜ್ ಆಗಾಗ ಬರುತ್ತದೆ. ಅಲಗಿನ ಮೇಲೆ ನಂಬರ್ ಇದ್ದರೆ ಅದು ನೂರಾರು ವರ್ಷ ಹಳೆಯ ಸಮುರಾಯ್ ಕತ್ತಿ, ಬೆಲೆ ಕೋಟಿಗಟ್ಟಲೆ ಅಂತ. ಇದು ತಪ್ಪು.

ಆ ನಂಬರ್ ಕಾರ್ಖಾನೆಯದು. 1935ರಲ್ಲಿ ಜಪಾನ್ ಸೇನೆ ಹವಾಲ್ದಾರ್ ದರ್ಜೆಯವರಿಗಾಗಿ 'ಟೈಪ್ 95' ಕತ್ತಿ ತಂದಿತು. ಅಲಗು ಯಂತ್ರದಲ್ಲಿ ಆದದ್ದು. ಹಿಡಿ ಹೆಚ್ಚಾಗಿ ಲೋಹದ ಎರಕ, ನೂಲು ಸುತ್ತಿದಂತೆ ಕಾಣಲಿ ಎಂದು ಬಣ್ಣ ಹಚ್ಚಿದ್ದರು. ಮೂಲ ಜೋಡಿಯಾದರೆ ಅಲಗಿನ ನಂಬರೇ ಒರೆಯ ಮೇಲೂ ಇರುತ್ತದೆ. ಇವುಗಳ ನಕಲೂ ಬೇಕಾದಷ್ಟಿವೆ, ಹಾಗಾಗಿ ನಂಬರ್ ಒಂದನ್ನೇ ನಂಬಿ ದುಡ್ಡು ಕೊಡಬೇಡಿ.

ಮೆಸೇಜ್ ಹಂಚುವವರಿಗೆ ಗೊಂದಲ ಆಗುವುದು ಸಹಜ. ಕೆಲವು ಅಧಿಕಾರಿಗಳು ಮನೆತನದ ಹಳೆಯ ಅಲಗಿಗೇ ಸೇನೆಯ ಹಿಡಿ, ಒರೆ ಹಾಕಿಸಿಕೊಂಡದ್ದು ನಿಜ.

ಅಧಿಕಾರಿಯ ಕತ್ತಿಯಾದರೆ ನೋಡಬೇಕಾದ್ದು ಹಿಡಿಯೊಳಗಿನ ಅಲಗಿನ ಬುಡವನ್ನು. ಬಿದಿರಿನ ಸಣ್ಣ ಗೂಟ ತೆಗೆದರೆ ಹಿಡಿ ಬಿಚ್ಚಿಕೊಳ್ಳುತ್ತದೆ. ಕುಶಲಕರ್ಮಿಯ ಹೆಸರು, ತಾರೀಖು, ಮುದ್ರೆ ಇರುವುದು ಅಲ್ಲಿ. ತಾರೀಖು ಶೋವಾದಲ್ಲಿ, ಅಂದರೆ ಆಗಿನ ಜಪಾನಿ ಚಕ್ರವರ್ತಿಯ ಆಳ್ವಿಕೆಯ ವರ್ಷದ ಲೆಕ್ಕದಲ್ಲಿ ಇದ್ದರೆ, ಆ ವರ್ಷಕ್ಕೆ 1925 ಕೂಡಿಸಿ: ಶೋವಾ 17 ಅಂದರೆ 1942. 'ಸೆಕಿ' (ಕತ್ತಿಗೆ ಹೆಸರಾದ ಜಪಾನಿನ ಊರು) ಅಥವಾ 'ಶೋವಾ' ಮುದ್ರೆ ಇದ್ದರೆ ಯುದ್ಧಕಾಲದ ಅಲಗು, ಸಾಮಾನ್ಯವಾಗಿ ಸಾಂಪ್ರದಾಯಿಕ ವಿಧಾನದ್ದಲ್ಲ. ನಕ್ಷತ್ರದ ಮುದ್ರೆ ಬೇರೆ. ಸೇನೆ ಒಪ್ಪಿದ ಕುಶಲಕರ್ಮಿಗಳು ಹಳೆಯ ಪದ್ಧತಿಯಲ್ಲೇ ಮಾಡಿದ ಅಲಗುಗಳ ಮೇಲೆ ಅದು ಸಿಗುತ್ತದೆ.

ಒಂದು ಮಾತು: ಬುಡದ ತುಕ್ಕನ್ನು ಉಜ್ಜಿ ತೆಗೆಯಬೇಡಿ. ವಯಸ್ಸು ಹೇಳುವುದು ಆ ತುಕ್ಕಿನ ಬಣ್ಣವೇ.