ಸ್ಪಷ್ಟನೆ: ದ್ರೋಗ್ಬಾ ಒಂದೇ ವಾರದಲ್ಲಿ ಯುದ್ಧ ನಿಲ್ಲಿಸಲಿಲ್ಲ

‘ಚೆಲ್ಸಿ ತಂಡದ ದಿದಿಯೆ ದ್ರೋಗ್ಬಾ ಮಂಡಿಯೂರಿ ಬೇಡಿಕೊಂಡರು, ಐವರಿ ಕೋಸ್ಟ್‌ನ ಅಂತರ್ಯುದ್ಧ ಒಂದೇ ವಾರದಲ್ಲಿ ಮುಗಿಯಿತು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಆ ದೇಶದ ಫುಟ್‌ಬಾಲ್ ಆಟಗಾರ ದ್ರೋಗ್ಬಾ ಯುದ್ಧ ನಿಲ್ಲಿಸಿ ಎಂದು ಬೇಡಿಕೊಂಡದ್ದು ನಿಜ. ವಾರದಲ್ಲಿ ಯುದ್ಧ ಮುಗಿಯಿತು ಎನ್ನುವುದು ತಪ್ಪು.

2005ರ ಅಕ್ಟೋಬರ್ 8ರಂದು ಸುಡಾನ್‌ನ ಒಮ್ದುರ್ಮಾನ್‌ನಲ್ಲಿ ಸುಡಾನ್ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯವನ್ನು ಐವರಿ ಕೋಸ್ಟ್ 3-1ರಿಂದ ಗೆದ್ದಿತು. ಅದೇ ಹೊತ್ತಿಗೆ ಯವೂಂಡೆಯಲ್ಲಿ ಈಜಿಪ್ಟ್ ವಿರುದ್ಧ, ಅದೇ ಅರ್ಹತಾ ಗುಂಪಿನ ಪ್ರತಿಸ್ಪರ್ಧಿ ಕ್ಯಾಮರೂನ್‌ಗೆ ಕೊನೆಗಳಿಗೆಯಲ್ಲಿ ಪೆನಾಲ್ಟಿ ಸಿಕ್ಕಿತು. ಕ್ಯಾಮರೂನ್ ಆಟಗಾರ ವೋಮೆ ಒದ್ದ ಚೆಂಡು ಗೋಲಾಗಲಿಲ್ಲ, ಪಂದ್ಯ 1-1ರಲ್ಲಿ ಮುಗಿಯಿತು. ಒಂದೇ ಒಂದು ಪಾಯಿಂಟ್ ಅಂತರದಲ್ಲಿ ಐವರಿ ಕೋಸ್ಟ್ ಮೊದಲ ಬಾರಿ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಡ್ರೆಸಿಂಗ್ ರೂಮಿನಲ್ಲಿ ಟಿವಿ ಕ್ಯಾಮೆರಾ ಎದುರು ದ್ರೋಗ್ಬಾ ಮೈಕ್ ಹಿಡಿದರು. ಇಡೀ ತಂಡ ಅವರ ಜೊತೆ ಮಂಡಿಯೂರಿತು. ಹಾಗಾಗಿ ಇದನ್ನು ಒಬ್ಬರದೇ ಮನವಿ ಎನ್ನುವುದೂ ಸರಿಯಲ್ಲ.

ಇನ್ನು ಯುದ್ಧದ ಮಾತು. ಅದು ಶುರುವಾದದ್ದು 2002ರ ಸೆಪ್ಟೆಂಬರ್‌ನಲ್ಲಿ. ಪಂದ್ಯಕ್ಕೆ ಮುಂಚೆಯೇ, 2003 ಮತ್ತು 2005ರಲ್ಲಿ, ಶಾಂತಿ ಒಪ್ಪಂದಗಳಾಗಿದ್ದವು. ಆದರೂ ದೇಶ ಉತ್ತರ-ದಕ್ಷಿಣ ಎಂದು ಹೋಳಾಗಿಯೇ ಇತ್ತು. ಅಧ್ಯಕ್ಷ ಗ್ಬಾಗ್ಬೊ ಮತ್ತು ಬಂಡುಕೋರರ ನಾಯಕ ಸೊರೊ ಬುರ್ಕಿನಾ ಫಾಸೋದ ರಾಜಧಾನಿ ವಾಗಡೂಗುವಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದು 2007ರ ಮಾರ್ಚ್ 4ರಂದು, ಅಂದರೆ ಆ ಮನವಿಯಾದ ಸುಮಾರು ಹದಿನೇಳು ತಿಂಗಳ ಮೇಲೆ. 2010ರ ಚುನಾವಣೆಯ ನಂತರ ಮತ್ತೆ ಹಿಂಸಾಚಾರ ಭುಗಿಲೆದ್ದು ಸುಮಾರು 3,000 ಜನ ಸತ್ತರು. ಸಂದೇಶದಲ್ಲಿ ಇವರ ಸುದ್ದಿಯೇ ಇಲ್ಲ. ನಮಗೆ ಅತ್ಯಂತ ನೋವು ತರುವುದು ಅದೇ.

ದ್ರೋಗ್ಬಾ ಮಾಡಿದ್ದು ಸಣ್ಣ ಕೆಲಸವಲ್ಲ. 2007ರ ಜೂನ್ 3ರಂದು ಮಡಗಾಸ್ಕರ್ ವಿರುದ್ಧದ ಪಂದ್ಯ ಬಂಡುಕೋರರ ನೆಲೆಯಾಗಿದ್ದ ಬುವಾಕೆಯಲ್ಲೇ ನಡೆಯಿತು. ಅದರ ಹಿಂದೆ ಅವರ ಒತ್ತಾಸೆಯಿತ್ತು. ತಂಡ 5-0ರಿಂದ ಗೆದ್ದಿತು.

ಹಳೆಯ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.